ಕಾಕತಾಲೀಯ ಮತ್ತು ಘುಣಾಕ್ಷರ



ತಾಳೆಯ ಮರದ ಮೇಲೆ ಕಾಗೆಯೊಂದು ಬಂದು ಕುಳಿತಿತು. ಅದೇ ಕ್ಷಣದಲ್ಲಿ ಹಣ್ಣೊಂದು ತೊಟ್ಟು ಕಳಚಿ ಕೆಳಗೆ ಬಿದ್ದಿತು. ಕಾಗೆ ಕುಳಿತುದರಿಂದಲೇ ಹಣ್ಣು ಬಿದ್ದಿತೆಂದು ನೋಡಿದವನು ಹೇಳುವನು. ಹಣ್ಣು ಮಾಗಿದ್ದಿತು, ಬೀಳುವ ಹೊತ್ತು ಬಂದಿದ್ದಿತು, ಕಾಗೆಗೂ ಕೂರಲು ಒಂದು ಮರ ಬೇಕಾಗಿದ್ದಿತು. ಇಂತಹ ಕೂಡಿಕೆಗೆ ಪ್ರಾಚೀನರು ಕಾಕತಾಲೀಯವೆಂದು ಹೆಸರಿಟ್ಟರು. ಪಾಣಿನೀಯದ ವ್ಯಾಖ್ಯಾನಕಾರರು ಈ ಶಬ್ದದ ಸಾಧನೆಗೆಂದೇ ಸೂತ್ರವೊಂದನ್ನು ವಿವರಿಸಿರುವುದನ್ನು ನೋಡಿದರೆ, ಕೂಡಿಬಂದುದು ಬೇರೆ, ಕಾರಣವಾದುದು ಬೇರೆ ಎಂಬ ವಿವೇಕವು ಈ ದೇಶದಲ್ಲಿ ಎಷ್ಟು ಹಳೆಯದೆಂಬುದು ತಿಳಿಯುತ್ತದೆ. ಇದಕ್ಕೆ ಒಡಹುಟ್ಟಾದ ಇನ್ನೊಂದು ನ್ಯಾಯವುಂಟು; ಅದು ಘುಣಾಕ್ಷರನ್ಯಾಯ. ಮರವನ್ನು ಕೊರೆಯುವ ಹುಳುವು ತಿನ್ನುತ್ತ ಸಾಗಿದ ದಾರಿಯಲ್ಲಿ ಒಮ್ಮೊಮ್ಮೆ ಅಕ್ಷರದ ಆಕಾರವು ಮೂಡುವುದು. ಹುಳುವಿಗೆ ಅಕ್ಷರಾಭ್ಯಾಸವಾಗಿಲ್ಲ; ಓದುವವನಿಗೆ ಆಗಿದೆ. ಮಠಗಳ ಭಂಡಾರಗಳಲ್ಲಿ ಓಲೆಯ ಕಟ್ಟುಗಳನ್ನು ಬಿಚ್ಚಿದವರಿಗೆ ಇದು ದೃಷ್ಟಾಂತಮಾತ್ರವಲ್ಲ, ನಿತ್ಯದ ತೊಡಕು. ಕಬ್ಬಿಣದ ಕಂಟದಿಂದ ಕೊರೆದ ಗೆರೆ ಯಾವುದು, ಹುಳು ಕೊರೆದ ಗೆರೆ ಯಾವುದು ಎಂದು ತಿಳಿಯದವನು ಓಲೆಯನ್ನು ಓದಲಾರನು.

ತಾರೀಖುಗಳ ವಿಷಯದಲ್ಲಿ ಜನರು ಕಾಗೆಯನ್ನೂ, ಶಬ್ದಗಳ ವಿಷಯದಲ್ಲಿ ಹುಳುವನ್ನೂ ಮರೆಯುತ್ತಾರೆ. ಇದರಿಂದ ಹಾನಿಯೇನೆಂದು ಕೇಳಬಹುದು. ಹಾನಿಯುಂಟು. ಸತ್ಯವಾದ ಒಂದು ಮಹಿಮೆಗೆ ಸುಳ್ಳಾದ ಒಂದು ಸಾಕ್ಷಿಯನ್ನು ಕಟ್ಟಿದರೆ, ಸಾಕ್ಷಿಯು ಬಿದ್ದ ದಿನ ಮಹಿಮೆಯನ್ನೂ ಜನರು ಸಂಶಯಿಸತೊಡಗುವರು.

ಕಿತ್ತೂರಿನ ನಾಡಿನದೇ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಸಂಗೊಳ್ಳಿಯ ರಾಯಣ್ಣನು ಆಗಸ್ಟ್ 15ರಂದು ಹುಟ್ಟಿದನು, ಜನವರಿ 26ರಂದು ಗಲ್ಲಿಗೇರಿದನು. ಒಂದು ದಿನ ಭಾರತಕ್ಕೆ ಸ್ವಾತಂತ್ರ್ಯೋತ್ಸವ, ಇನ್ನೊಂದು ದಿನ ಗಣರಾಜ್ಯೋತ್ಸವ. ಆದುದರಿಂದ ವಿಧಿಯು ಆ ವೀರನ ಬಾಳಿನ ಎರಡು ತುದಿಗಳಲ್ಲಿ ದೇಶದ ಭವಿಷ್ಯವನ್ನು ಮೊದಲೇ ಬರೆದಿಟ್ಟಿತ್ತು ಎಂದು ಸಭೆಗಳಲ್ಲಿ ಹೇಳುವುದುಂಟು, ಶಾಲೆಯ ಮಕ್ಕಳು ಭಾಷಣಸ್ಪರ್ಧೆಗಳಲ್ಲಿ ಹೇಳುವುದುಂಟು. ಕೇಳಿದವರ ಮೈ ನವಿರೇಳುವುದು ಸಹಜವೇ.

ಆದರೆ ಒಂದೊಂದನ್ನೂ ಬಿಡಿಸಿ ನೋಡಬೇಕು. ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದುದು 1831ರಲ್ಲಿ. ಶಿಕ್ಷೆ ವಿಧಿಸಿದವರು ಕಂಪೆನಿ ಸರ್ಕಾರದವರು. ಅಂಥ ಕಾರ್ಯಗಳಿಗೆ ತಾರೀಖು ಬರೆದಿಡುವ ಪದ್ಧತಿ ಅವರಿಗೆ ಇದ್ದಿತು. ಹುಟ್ಟಿನ ಮಾತು ಹಾಗಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಿತ್ತೂರು ಸೀಮೆಯ ಹಳ್ಳಿಯೊಂದರಲ್ಲಿ ಮಗುವಿನ ಜನನವನ್ನು ಇಂಗ್ಲಿಷ್ ತಾರೀಖಿನಲ್ಲಿ ಬರೆದಿಡುವ ರೂಢಿ ಇರಲಿಲ್ಲ. ಹುಟ್ಟಿದ ಇಸವಿಯನ್ನೇ ಕೆಲವರು 1796 ಎಂದೂ ಕೆಲವರು 1798 ಎಂದೂ ಬರೆಯುತ್ತಾರೆ. ಇಸವಿಯೇ ಸ್ಥಿರವಾಗಿ ನಿಲ್ಲದಿರುವಾಗ ತಿಂಗಳೂ ದಿನವೂ ಮಾತ್ರ ಅಲುಗದೆ ನಿಂತಿರುವುದು ಸೋಜಿಗದ ಸಂಗತಿ. ಸಂದೇಹ ಹುಟ್ಟಬೇಕಾದ ಮೊದಲನೆಯ ಸ್ಥಳವು ಇದೇ.

ಇನ್ನು ಆ ಎರಡು ದಿನಗಳನ್ನು ದೇಶಕ್ಕೆ ಗೊತ್ತುಮಾಡಿದವರು ಯಾರು? ಆಗಸ್ಟ್ 15ನ್ನು ಆರಿಸಿದವನು ಮೌಂಟ್‌ಬ್ಯಾಟನ್. 1945ರ ಆ ದಿನ ಜಪಾನಿನ ಚಕ್ರವರ್ತಿಯು ಶರಣಾಗತಿಯನ್ನು ಸಾರಿದ್ದನು. ಆಗ್ನೇಯ ಏಷ್ಯದ ಸೇನಾಧಿಪತಿಯಾಗಿದ್ದ ಮೌಂಟ್‌ಬ್ಯಾಟನ್ನನಿಗೆ ಆ ದಿನದ ಮೇಲೆ ಅಭಿಮಾನ. ಜನವರಿ 26ರ ಕಥೆ ಇದಕ್ಕಿಂತ ಸರಳ. 1929ರ ಡಿಸೆಂಬರಿನಲ್ಲಿ ಲಾಹೋರಿನ ಕಾಂಗ್ರೆಸ್ಸು ಪೂರ್ಣ ಸ್ವರಾಜ್ಯದ ನಿರ್ಣಯವನ್ನು ಅಂಗೀಕರಿಸಿದ ಮೇಲೆ, ಜನವರಿಯ ಕೊನೆಯ ಭಾನುವಾರದಂದು ಪ್ರತಿಜ್ಞೆಯನ್ನು ಓದಬೇಕೆಂದು ಗೊತ್ತಾಯಿತು. 1930ರಲ್ಲಿ ಆ ಭಾನುವಾರವು 26ನೆಯ ತಾರೀಖಿಗೆ ಬಂದಿತು. ಸಂವಿಧಾನವು 1949ರ ನವೆಂಬರ್ 26ರಂದೇ ಅಂಗೀಕೃತವಾಗಿದ್ದರೂ, ಹಳೆಯ ಪ್ರತಿಜ್ಞೆಯ ದಿನದ ನೆನಪಿಗಾಗಿ 1950ರ ಜನವರಿ 26ರ ವರೆಗೆ ಕಾದು ಜಾರಿಗೆ ತಂದರು. ಇಲ್ಲಿ ಅರ್ಥವಿದೆ, ಉದ್ದೇಶವೂ ಇದೆ. ಆದರೆ ಅದು ಲಾಹೋರಿಗೆ ಸಂಬಂಧಿಸಿದ್ದು, ನಂದಗಡಕ್ಕಲ್ಲ. ಅದೇ ಆಗಸ್ಟ್ 15ರಂದು, 1872ರಲ್ಲಿ, ಅರವಿಂದರು ಹುಟ್ಟಿದರು. ಸ್ವಾತಂತ್ರ್ಯದ ದಿನ ಕೊಟ್ಟ ಸಂದೇಶದಲ್ಲಿ ಅವರು ಇದನ್ನು ಆಕಸ್ಮಿಕವೆಂದು ಬಗೆಯದೆ ದೈವದ ಮುದ್ರೆಯೆಂದೇ ಬಗೆದರು. 1769ರ ಅದೇ ತಾರೀಖಿನಲ್ಲಿ ಫ್ರಾನ್ಸಿನ ನೆಪೋಲಿಯನ್ನನೂ ಹುಟ್ಟಿದ್ದಾನೆ. ಅವನಿಗೆ ಯಾವ ಅರ್ಥವನ್ನು ಹಚ್ಚಬೇಕೆಂದು ಯಾರೂ ಹೇಳಿಲ್ಲ.

ಲೆಕ್ಕವನ್ನೂ ಸ್ವಲ್ಪ ನೋಡಬೇಕು. ಗೊತ್ತುಪಡಿಸಿದ ಎರಡು ದಿನಗಳಲ್ಲಿ ಒಂದರಂದು ಹುಟ್ಟಿ ಇನ್ನೊಂದರಂದು ಸಾಯುವ ಸಂಭವ ಸುಮಾರು 66 ಸಾವಿರಕ್ಕೆ ಒಂದು. ಕೇಳುವುದಕ್ಕೆ ಇದು ಬಹಳ ಅಪರೂಪವೇ. ಆದರೆ ಆ ಎರಡೇ ದಿನಗಳನ್ನು ನೋಡುವೆವೆಂದು ಯಾರೂ ಮೊದಲೇ ಪಣ ತೊಟ್ಟಿರಲಿಲ್ಲ. ಅಕ್ಟೋಬರ್ 2, ಏಪ್ರಿಲ್ 13, ಆಗಸ್ಟ್ 9, ಜನವರಿ 30, ನವೆಂಬರ್ 1, ಕಿತ್ತೂರಿನ ವಿಜಯದ ಅಕ್ಟೋಬರ್ 23, ಹೀಗೆ ದೇಶಕ್ಕೂ ನಾಡಿಗೂ ಹತ್ತು ದೊಡ್ಡ ದಿನಗಳಿದ್ದರೆ, ಒಬ್ಬನ ಹುಟ್ಟುಸಾವುಗಳೆರಡೂ ಆ ಹತ್ತರೊಳಗೆ ಬೀಳುವ ಸಂಭವವು 1,332ಕ್ಕೆ ಒಂದಾಗುತ್ತದೆ. ಸ್ವಾತಂತ್ರ್ಯಕ್ಕಾಗಿ ಹೋರಾಡಿದವರು ಸಾವಿರಾರು ಮಂದಿ. ಅವರಲ್ಲಿ ಕೆಲವರಿಗೆ ಇಂಥ ಕೂಡಿಕೆ ಬಾರದಿದ್ದರೇ ಆಶ್ಚರ್ಯಪಡಬೇಕಾಗಿದ್ದಿತು. ಇದೇ ಗಣಿತದ ಇನ್ನೊಂದು ಮುಖ ಇನ್ನೂ ವಿಚಿತ್ರವಾದುದು: ಯಾವುದಾದರೂ ಒಂದು ಪಂಕ್ತಿಯಲ್ಲಿ 23 ಜನರು ಪ್ರಸಾದಕ್ಕೆ ಕುಳಿತರೆ, ಅವರಲ್ಲಿ ಯಾರಾದರೂ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಂಭವವು ಅರ್ಧಕ್ಕಿಂತ ಮಿಗಿಲು. ಇಬ್ಬರಿಬ್ಬರ ಜೋಡಿಗಳನ್ನು ಎಣಿಸಿದರೆ 253 ಆಗುತ್ತವೆ; ಎಣಿಸದವನು 23ನ್ನೇ ಹಿಡಿದು ಬೆರಗಾಗುವನು.

ರಾಯಣ್ಣನ ಮಹಿಮೆ ಇವುಗಳಲ್ಲಿ ಯಾವುದನ್ನೂ ಆಶ್ರಯಿಸಿಲ್ಲ. ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಹೋದ ಕಾಲದಲ್ಲಿ, ರಾಜ್ಯವಿಲ್ಲ, ಬೊಕ್ಕಸವಿಲ್ಲ, ಕೋಟೆಯಿಲ್ಲ. ಹಳ್ಳಿಯ ಶೆತ್ಸನದಿಯೊಬ್ಬನು ಕಾಡಿನಲ್ಲಿ ಜನ ಕೂಡಿಸಿ, ದತ್ತುಮಗನ ಹಕ್ಕಿಗಾಗಿ ಕಂಪೆನಿಯ ದಂಡನ್ನು ಎದುರಿಸಿದನೆಂಬುದು ಇತಿಹಾಸ. ಇದಕ್ಕೆ ಪಂಚಾಂಗದ ಊರುಗೋಲು ಬೇಡ.

ಕಾಲಗಣನೆಯು ಒಂದೇ ಅಲ್ಲವೆಂಬುದನ್ನು ಮರೆಯುವುದರಿಂದಲೂ ಎಷ್ಟೋ ಕೂಡಿಕೆಗಳು ಹುಟ್ಟುತ್ತವೆ. ಇಂಗ್ಲೆಂಡಿನ ಷೇಕ್ಸ್‌ಪಿಯರನೂ ಸ್ಪೇನಿನ ಸೆರ್ವಾಂಟಿಸನೂ 1616ರ ಏಪ್ರಿಲ್ 23ರಂದೇ ತೀರಿಕೊಂಡರೆಂದು ಹೇಳಿ, 1995ರಿಂದ ಈಚೆಗೆ ಆ ದಿನವನ್ನು ವಿಶ್ವ ಪುಸ್ತಕ ದಿನವೆಂದು ಆಚರಿಸುತ್ತಾರೆ. ಸ್ಪೇನಿನವರು 1582ರಲ್ಲಿಯೇ ಗ್ರೆಗರಿಯ ತಿದ್ದುಪಡಿಯ ಪಂಚಾಂಗಕ್ಕೆ ಬಂದಿದ್ದರು. ಇಂಗ್ಲೆಂಡಿನವರು 1752ರ ವರೆಗೆ ಹಳೆಯದನ್ನೇ ಹಿಡಿದಿದ್ದರು. ಅಂದಿನ ಅಂತರ ಹತ್ತು ದಿನ. ಇಂಗ್ಲಿಷರ ಏಪ್ರಿಲ್ 23 ಎಂದರೆ ಸ್ಪೇನಿನವರಿಗೆ ಮೇ 3. ಸೆರ್ವಾಂಟಿಸನು ತೀರಿದುದು 22ರಂದು, 23 ಅವನ ಮಣ್ಣಿನ ದಿನ ಎಂಬುದು ವಿದ್ವಾಂಸರ ಮತ. ಷೇಕ್ಸ್‌ಪಿಯರನು ಹುಟ್ಟಿದ ದಿನದಂದೇ ಸತ್ತನೆಂಬುದೂ ಹೀಗೆಯೇ. ದಾಖಲೆಯಲ್ಲಿರುವುದು 1564ರ ಏಪ್ರಿಲ್ 26ರ ದೀಕ್ಷಾಸ್ನಾನ ಮಾತ್ರ. ಅದಕ್ಕೆ ಮೂರು ದಿನ ಹಿಂದಕ್ಕೆ ಎಣಿಸಿ 23 ಎಂದು ಇಟ್ಟವರು ಮುಂದಿನವರು. ಗೆಲಿಲಿಯೊ ಸತ್ತ 1642ರಲ್ಲಿಯೇ ನ್ಯೂಟನ್ನನು ಹುಟ್ಟಿದನೆಂಬ ಮಾತಿಗೂ ಇಟಲಿಯ ಒಂದು ಪಂಚಾಂಗ, ಇಂಗ್ಲೆಂಡಿನ ಒಂದು ಪಂಚಾಂಗ ಬೇಕು. ಒಂದರಲ್ಲಿಯೇ ನೋಡಿದರೆ ನ್ಯೂಟನ್ನನ ಜನನ 1643ರ ಜನವರಿ 4.

ಪಂಚಾಂಗದ ದೋಷವಿಲ್ಲದ ಕೂಡಿಕೆಗಳೂ ಇವೆ. ಅಮೇರಿಕದ ಸ್ವಾತಂತ್ರ್ಯಘೋಷಣೆಯನ್ನು ಸಿದ್ಧಪಡಿಸಿದವರಲ್ಲಿ ಮುಖ್ಯರಾದ ಆಡಮ್ಸ್ ಮತ್ತು ಜೆಫರ್‌ಸನ್ ಇಬ್ಬರೂ, ಘೋಷಣೆಗೆ ಸರಿಯಾಗಿ ಐವತ್ತು ವರ್ಷ ತುಂಬಿದ 1826ರ ಜುಲೈ 4ರಂದು ತೀರಿಹೋದರು. ಮುಂದಿನ ತಿಂಗಳು ಬಾಸ್ಟನ್ನಿನಲ್ಲಿ ವೆಬ್‌ಸ್ಟರನು ಮಾಡಿದ ಪ್ರಸಿದ್ಧ ಭಾಷಣದಲ್ಲಿ ಇದನ್ನು ದೇವರ ಕೃಪಾದೃಷ್ಟಿಯ ಗುರುತೆಂದು ಕೊಂಡಾಡಿದನು. ಇಬ್ಬರೂ ಎಂಬತ್ತು ದಾಟಿದ ಮುದುಕರು, ಕಾಯಿಲೆಯಲ್ಲಿದ್ದವರು. ಆ ದಿನವನ್ನು ಕಾಣಬೇಕೆಂದು ಜೆಫರ್‌ಸನ್ನನು ಹಂಬಲಿಸಿ, ನಾಲ್ಕನೆಯ ತಾರೀಖು ಬಂದಿತೆ ಎಂದು ಹಾಸಿಗೆಯಲ್ಲಿ ಕೇಳುತ್ತಿದ್ದನು. ಹಂಬಲವು ಉಸಿರನ್ನು ಒಂದೆರಡು ದಿನ ಹಿಡಿದಿಟ್ಟಿರಬಹುದು. ಆಕಸ್ಮಿಕದ ವಿಷಯದಲ್ಲಿ ನಿರಭಿಮಾನದಿಂದ ಮಾತನಾಡಿದವನು ಹಾಕಿಂಗನು. ಗೆಲಿಲಿಯೊ ಸತ್ತು ಮುನ್ನೂರು ವರ್ಷ ತುಂಬಿದ 1942ರ ಜನವರಿ 8ರಂದು ಹುಟ್ಟಿದ ಆ ವಿಜ್ಞಾನಿಯು, ಅದೇ ದಿನ ಸುಮಾರು ಎರಡು ಲಕ್ಷ ಶಿಶುಗಳು ಜನಿಸಿರಬೇಕೆಂದು ಲೆಕ್ಕ ಹಾಕಿ ತೋರಿಸಿದನು.

ಇಂಥ ಎಚ್ಚರವು ಬೇಕಾಗುವುದು ದೂರದ ದೇಶಗಳ ಕಥೆಗಳಿಗಿಂತ ಹೆಚ್ಚಾಗಿ ಕನ್ನಡದ ಶಾಸನಗಳಿಗೆ. ಶಾಸನದಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಇಷ್ಟೂ ಇದ್ದರೆ ಚಿಂತೆಯಿಲ್ಲ. ಒಂದು ತಪ್ಪಿದರೆ ಇನ್ನೊಂದು ಹಿಡಿದುಕೊಡುತ್ತದೆ. ಆದರೆ ಶಕವರ್ಷವು ಸವೆದು ಹೋಗಿ ಸಂವತ್ಸರದ ಹೆಸರು ಮಾತ್ರ ಉಳಿದ ಕಲ್ಲುಗಳು ಬಹಳ. ಸಂವತ್ಸರಗಳು ಅರುವತ್ತು, ಅದೇ ಹೆಸರು ಅರುವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ಆಗ ಸಂಶೋಧಕನು ತನಗೆ ಪ್ರಿಯವಾದ ವರ್ಷವೊಂದನ್ನು ಹಿಡಿದು, ತಿಥಿಗೆ ವಾರವು ಕೂಡಿಬಂದಿತು, ಕಾಲವು ಸಿದ್ಧವಾಯಿತು ಎನ್ನುವನು. ವಾರಗಳು ಏಳೇ. ಯಾವ ತಪ್ಪು ವರ್ಷವನ್ನು ಇಟ್ಟರೂ ಏಳರಲ್ಲಿ ಒಂದು ಪಾಲು ವಾರವು ಕೂಡಿಬರತಕ್ಕದ್ದೇ. ಐದಾರು ವರ್ಷಗಳನ್ನು ಪರೀಕ್ಷಿಸಿದವನಿಗೆ ಒಂದು ಕೂಡಿಬಂದರೆ ಅದು ಕಾಗೆ ಕುಳಿತ ಮರ. ಸೂರ್ಯಗ್ರಹಣದ ಉಲ್ಲೇಖವೂ ಸೇರಿ ಕೂಡಿಬಂದರೆ ಮಾತಿಗೆ ಬಲವುಂಟು. ಸ್ಯೂಯೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು 1896ರಲ್ಲಿ ಹೊರತಂದ ಕೋಷ್ಟಕಗಳೂ, 1922ರಲ್ಲಿ ಹೊರಬಂದ ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗವೂ ಕೈಗೆ ಬಂದ ಮೇಲೆ ಈ ಪರೀಕ್ಷೆ ಸುಲಭವಾಯಿತು; ಸುಲಭವಾದುದರಿಂದಲೇ ಬೇಕಾದ ಉತ್ತರ ಬರುವವರೆಗೆ ಪರೀಕ್ಷಿಸುವುದೂ ಸುಲಭವಾಯಿತು. ಶರಣರ ಕಾಲನಿರ್ಣಯದ ವಾದಗಳನ್ನು ಓದುವವರು ಈ ಏಳರ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಮೇಲು.

ಇನ್ನು ಶಬ್ದಗಳ ವಿಚಾರ. ಇಲ್ಲಿ ಹುಳುವಿನ ಕೆಲಸ ಇನ್ನೂ ಸೂಕ್ಷ್ಮವಾದುದು.

ವೇದದ ಶಬ್ದಗಳಿಗೆ ನಿರ್ವಚನವನ್ನು ಹೇಳಿದ ಯಾಸ್ಕನು, ಅರ್ಥವನ್ನು ಹಿಡಿದು ಹೊರಟು, ಒಂದು ವರ್ಣದ ಸಾಮ್ಯವಾದರೂ ದೊರೆತರೆ ನಿರ್ವಚನ ಮಾಡಬೇಕು, ಮಾಡದೆ ಬಿಡಕೂಡದು ಎಂದು ವಿಧಿಸಿದನು. ನಾಮಗಳೆಲ್ಲವೂ ಧಾತುಗಳಿಂದಲೇ ಹುಟ್ಟಿದವೆಂಬುದು ಶಾಕಟಾಯನನ ಮತ, ನೈರುಕ್ತರ ಮತ. ಗಾರ್ಗ್ಯನು ಒಪ್ಪಲಿಲ್ಲ. ದಾರಿಯನ್ನು ವ್ಯಾಪಿಸುವುದರಿಂದ ಅಶ್ವವೆಂದಾದರೆ ದಾರಿಯನ್ನು ವ್ಯಾಪಿಸುವ ಪ್ರತಿಯೊಂದೂ ಅಶ್ವವಾಗಬೇಕು. ಚುಚ್ಚುವುದರಿಂದ ತೃಣವೆಂದಾದರೆ ಚುಚ್ಚುವುದೆಲ್ಲವೂ ತೃಣವಾಗಬೇಕು ಎಂಬುದು ಅವನ ಪಕ್ಷದ ಆಕ್ಷೇಪ. ಯಾಸ್ಕನು ಈ ಆಕ್ಷೇಪಗಳನ್ನು ಮುಚ್ಚಿಡದೆ ತನ್ನ ಗ್ರಂಥದಲ್ಲಿಯೇ ಎತ್ತಿಕೊಂಡು ಉತ್ತರ ಹೇಳಿದುದು ಅವನ ದೊಡ್ಡತನ. ಉತ್ತರವು ಗಾರ್ಗ್ಯನಿಗೆ ಸಮಾಧಾನವನ್ನುಂಟುಮಾಡಿತೇ ಎಂಬುದು ಬೇರೆ ಮಾತು.

ಕನ್ನಡ ನಾಡಿನಲ್ಲಿ ಎಲ್ಲರೂ ಬಲ್ಲ ನಿರ್ವಚನವು ಬೆಂಗಳೂರಿನದು. ವೀರಬಲ್ಲಾಳನು ಬೇಟೆಯಲ್ಲಿ ದಾರಿ ತಪ್ಪಿ ಹಸಿದಾಗ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಊರು ಬೆಂದಕಾಳೂರಾಯಿತು ಎಂಬುದು ಕಥೆ. ಮುದುಕಿಯ ಔದಾರ್ಯಕ್ಕೆ ಕುಂದಿಲ್ಲ. ಆದರೆ ಆ ಬಲ್ಲಾಳನು ಆಳಿದುದು 1173ರಿಂದ 1220ರ ವರೆಗೆ, ಸುಮಾರು ಕ್ರಿ.ಶ. 890ರ ಬೇಗೂರಿನ ವೀರಗಲ್ಲಿನಲ್ಲಿಯೇ ಬೆಂಗಳೂರಿನ ಕಾಳಗದ ಮಾತಿದೆ. ರಾಜನಿಗೆ ಹಸಿವಾಗುವುದಕ್ಕೆ ಮುನ್ನೂರು ವರ್ಷ ಮೊದಲೇ ಊರಿಗೆ ಹೆಸರಿದ್ದಿತು. ಹೀಗೆ ತಾರೀಖೊಂದು ಶಬ್ದದ ಕಥೆಯನ್ನು ಮುರಿಯುವುದು ಅಪರೂಪದ ಭಾಗ್ಯ. ಹೆಚ್ಚಿನ ಊರುಗಳಿಗೆ ಅಂಥ ಕಲ್ಲು ದೊರೆಯುವುದಿಲ್ಲ, ಕಥೆಯೇ ಉಳಿಯುತ್ತದೆ.

ಕಲ್ಲು ಇಲ್ಲದಲ್ಲಿ ಪರೀಕ್ಷೆ ಹೇಗೆ? ಕನ್ನಡದ ಒಂದು, ಇಂಗ್ಲಿಷಿನ ವನ್, ಇವೆರಡರ ಧ್ವನಿಯೂ ಅರ್ಥವೂ ಸಮೀಪವಾಗಿವೆ. ಹಿಂದಕ್ಕೆ ಹೋಗಿ ನೋಡಿದರೆ ಹಳೆಯ ಇಂಗ್ಲಿಷಿನಲ್ಲಿ ಅದು ಆನ್. ವಕಾರದ ಉಚ್ಚಾರವು ಈಚಿನದು. ಇತ್ತ ತಮಿಳಿನ ಒನ್ಱು ಮೊದಲಾದ ನೆಂಟರು ಬೇರೆ ದಿಕ್ಕಿಗೆ ಕರೆಯುತ್ತವೆ. ಹಿಂದೆ ಹೋದಷ್ಟೂ ಸಾಮ್ಯವು ಕರಗಿಹೋಯಿತು. ಎರಡು, ಮೂರು ಎಂದು ಮುಂದುವರಿದರೆ ಟೂ, ಥ್ರೀಗಳ ಗುರುತೇ ಇಲ್ಲ. ಸಂಸ್ಕೃತದ ದ್ವಿ, ತ್ರಿಗಳನ್ನಿಟ್ಟರೆ ಸಾಲು ಸಾಲಾಗಿ ಹೊಂದುತ್ತವೆ. ಇದನ್ನು ಕಂಡೇ 1786ರಲ್ಲಿ ವಿಲಿಯಂ ಜೋನ್ಸನು ಆ ಭಾಷೆಗಳಿಗೆ ಒಂದೇ ಮೂಲವಿರಬೇಕೆಂದನು. ಕೆಟ್ಟದ್ದಕ್ಕೆ ಪಾರಸಿಯಲ್ಲಿಯೂ ಬದ್, ಇಂಗ್ಲಿಷಿನಲ್ಲಿಯೂ ಬ್ಯಾಡ್. ಆ ಎರಡು ಭಾಷೆಗಳು ದೂರದ ನೆಂಟರೇ ಆದರೂ ಈ ಎರಡು ಶಬ್ದಗಳಿಗೆ ನೆಂಟತನವಿಲ್ಲ. ಒಂದು ಶಬ್ದ ಒಂದು ಶಬ್ದವನ್ನು ಹೋಲುವುದು ಹುಳುವಿನ ಗೆರೆ. ಒಂದು ವರ್ಣವು ಇನ್ನೊಂದಾಗುವುದು ನೂರು ಶಬ್ದಗಳಲ್ಲಿ ಕ್ರಮವಾಗಿ ಕಂಡರೆ ಅದು ಕಂಟದ ಗೆರೆ. ಹಳಗನ್ನಡದ ಪಾಲು ಹಾಲಾಯಿತು, ಪಾವು ಹಾವಾಯಿತು, ಪುಲಿ ಹುಲಿಯಾಯಿತು. ಸಂಸ್ಕೃತದ ವನವು ಬನವಾಯಿತು, ವರ್ಣವು ಬಣ್ಣವಾಯಿತು, ವಸತಿಯು ಬಸದಿಯಾಯಿತು. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ಇಂಥ ವಿಕಾರಗಳಿಗೆ ನಿಯಮಗಳನ್ನು ಹೇಳಿದ್ದಾನೆ. ಯಾಸ್ಕನ ವಿಧಿಗಿಂತ ಕೇಶಿರಾಜನ ಕಟ್ಟು ಬಿಗಿ.

ಈ ಬಿಗಿಯಾದ ಕಟ್ಟಿಗೆ ಒಳಪಟ್ಟೇ ಬಸವ ಎಂಬ ನಾಮವು ಬಂದಿದೆ. ವೃಷಭವು ಪ್ರಾಕೃತದಲ್ಲಿ ವಸಹವಾಗಿ, ಅದು ಕನ್ನಡದಲ್ಲಿ ಬಸವನಾಯಿತು. ವಕಾರಕ್ಕೆ ಬಕಾರವು ಬಂದುದು ಬನದಲ್ಲಿಯೂ ಬಣ್ಣದಲ್ಲಿಯೂ ಬಂದಂತೆಯೇ. ಶರಣಪರಂಪರೆಯಲ್ಲಾದರೋ ಆ ಮೂರು ಅಕ್ಷರಗಳನ್ನು ಬಿಡಿಬಿಡಿಯಾಗಿ ಇಟ್ಟು, ಒಂದರಲ್ಲಿ ಗುರುವನ್ನು, ಒಂದರಲ್ಲಿ ಲಿಂಗವನ್ನು, ಒಂದರಲ್ಲಿ ಜಂಗಮವನ್ನು ಕಂಡಿದ್ದಾರೆ. ಹಾಗಾದರೆ ಶಬ್ದಶಾಸ್ತ್ರವು ಇದನ್ನು ಸುಳ್ಳೆನ್ನುವುದೇ ಎಂದು ಭಕ್ತನು ಕಳವಳಗೊಳ್ಳುವನು. ಇದನ್ನೇ ಶಬ್ದಶಾಸ್ತ್ರವೆಂದು ತರ್ಕಿಸಿ ಅತ್ಯುತ್ಸಾಹಿಯು ಆ ಕಳವಳವನ್ನು ಹೆಚ್ಚಿಸುವನು. ಇಬ್ಬರೂ ಎರಡು ಕಾರ್ಯಗಳನ್ನು ಒಂದೆಂದು ಭಾವಿಸಿದವರು. ಶಬ್ದವು ಎಲ್ಲಿಂದ ಬಂದಿತೆಂಬುದು ಒಂದು ಪ್ರಶ್ನೆ. ಬಂದ ಶಬ್ದವನ್ನು ನಾಲಗೆಯ ಮೇಲೆ ಇಟ್ಟುಕೊಂಡವನು ಏನನ್ನು ನೆನೆಯಬೇಕೆಂಬುದು ಇನ್ನೊಂದು. ಮಂತ್ರವಾಗಿ ನೆನೆದವರು ಇತಿಹಾಸವನ್ನು ಹೇಳಹೊರಟವರಲ್ಲ. ಅರ್ಥವನ್ನು ಅವರು ಅಲ್ಲಿ ಹುಡುಕಿ ತೆಗೆದುದಲ್ಲ, ಪ್ರೀತಿಯಿಂದ ಇರಿಸಿದುದು. ಇರಿಸಿದವರು ಯಾರೆಂಬುದು ಗೊತ್ತಿದೆ, ಏಕೆಂಬುದೂ ಗೊತ್ತಿದೆ. ಅಲ್ಲಿ ಮೋಸವೇನೂ ಇಲ್ಲ.

ಗುರು ಶಬ್ದದ ಮಾತೂ ಹೀಗೆಯೇ. ಗುಕಾರವು ಕತ್ತಲೆ, ರುಕಾರವು ಅದನ್ನು ಕಳೆಯುವುದು ಎಂಬ ವಿವರಣೆಯು ಉಪದೇಶಕ್ಕೆ ಸೊಗಸಾದುದು. ಶಬ್ದದ ಮೂಲಾರ್ಥವು ಭಾರವಾದುದು ಎಂದಷ್ಟೇ. ಗ್ರೀಕಿನ ಬರುಸ್, ಲ್ಯಾಟಿನ್ನಿನ ಗ್ರಾವಿಸ್ ಅದರ ಸೋದರಗಳು. ಛಂದಸ್ಸಿನಲ್ಲಿ ಗುರುಲಘುಗಳನ್ನು ಹಾಕುವ ಬಾಲಕನು ಆ ಮೂಲಾರ್ಥವನ್ನೇ ದಿನವೂ ಬಳಸುತ್ತಾನೆ. ಇಷ್ಟಲಿಂಗದ ಇಷ್ಟ ಶಬ್ದದಲ್ಲಂತೂ ವೈಯಾಕರಣನೇ ಎರಡು ದಾರಿಗಳನ್ನು ತೆರೆಯುತ್ತಾನೆ. ಇಷ್ ಧಾತುವಿನಿಂದ ಬಂದರೆ ಬಯಸಿದುದು; ಯಜ್ ಧಾತುವಿನಿಂದ ಬಂದರೆ ಪೂಜಿಸಿದುದು. ರೂಪವು ಎರಡಕ್ಕೂ ಒಂದೇ, ಎರಡೂ ಶಾಸ್ತ್ರಶುದ್ಧ. ಇಷ್ಟಾಪೂರ್ತದಲ್ಲಿರುವುದು ಎರಡನೆಯದು. ಇಲ್ಲಿ ಎರಡು ನದಿಗಳು ಬಂದು ಒಂದೇ ಮಡುವಿನಲ್ಲಿ ಕೂಡಿವೆ. ಕೂಡಿದುದು ಆಕಸ್ಮಿಕವೇ ಸರಿ, ಆದರೂ ಕರಸ್ಥಲದ ಲಿಂಗವನ್ನು ನೋಡುವವನಿಗೆ ಬಯಕೆಯೂ ಪೂಜೆಯೂ ಬೇರೆಯೆಂದು ತೋರಲಾರದು.

ಲಿಂಗವೆಂದರೆ ಗುರುತು. ತಾರ್ಕಿಕರು ಹೊಗೆಯನ್ನು ಬೆಂಕಿಯ ಲಿಂಗವೆನ್ನುತ್ತಾರೆ. ಹೊಗೆಯಿದ್ದಲ್ಲೆಲ್ಲ ಬೆಂಕಿಯುಂಟೆಂಬ ವ್ಯಾಪ್ತಿಯು ಸಿದ್ಧವಾದ ಮೇಲೆಯೇ ಅದು ಲಿಂಗ. ವ್ಯಾಪ್ತಿಯಿಲ್ಲದ ಗುರುತಿಗೆ ಅವರಿಟ್ಟ ಹೆಸರು ಹೇತ್ವಾಭಾಸ, ಎಂದರೆ ಕಾರಣದಂತೆ ತೋರುವುದು. ಒಮ್ಮೆ ಬೆಟ್ಟದ ಮೇಲೆ ಮಂಜು ಕಂಡು ಬೆಂಕಿಯೆಂದು ಕೂಗಿದವನ ಪಾಡು ಎಲ್ಲ ಗುಪ್ತಾರ್ಥಶೋಧಕರಿಗೂ ಒಮ್ಮೆಯಾದರೂ ಬರತಕ್ಕದ್ದು.

ನಿಜವಾದ ಗುಪ್ತಾರ್ಥಗಳು ಇಲ್ಲವೆಂದಲ್ಲ. ಶಾಸನಗಳಲ್ಲಿಯೂ ಕಾವ್ಯಗಳ ಕೊನೆಯಲ್ಲಿಯೂ ಶಶಿ, ನೇತ್ರ, ವೇದ, ಬಾಣ, ಗಿರಿ ಎಂದು ಬಂದಾಗ, ಅವು ಚಂದ್ರನ ವರ್ಣನೆಯೋ ಬೆಟ್ಟದ ವರ್ಣನೆಯೋ ಅಲ್ಲ. ಒಂದು, ಎರಡು, ನಾಲ್ಕು, ಐದು, ಏಳು. ಬಲದಿಂದ ಎಡಕ್ಕೆ ಓದಿದರೆ ಶಕವರ್ಷವು ಹೊರಬೀಳುತ್ತದೆ. ಸಂಗೀತದಲ್ಲಿ ಇದಕ್ಕಿಂತ ಚೆಲುವಾದ ದೃಷ್ಟಾಂತವಿದೆ. ಶಂಕರಾಭರಣ ರಾಗದ ಮೇಳಕ್ಕೆ ಧೀರಶಂಕರಾಭರಣವೆಂದು ಹೆಸರು. ಶಿವನ ಆಭರಣವಾದ ಸರ್ಪಕ್ಕೆ ಧೈರ್ಯವು ಎಲ್ಲಿಂದ ಬಂದಿತು, ಈ ರಾಗದಲ್ಲಿ ವೀರರಸವಿದೆಯೇ ಎಂದು ಪುಟಗಟ್ಟಲೆ ಬರೆಯಬಲ್ಲವರು ಉಂಟು. ಎಪ್ಪತ್ತೆರಡು ಮೇಳಗಳ ಪಟ್ಟಿಯಲ್ಲಿ ಆ ಮೇಳದ ಸ್ಥಾನ ಇಪ್ಪತ್ತೊಂಬತ್ತು. ಕಟಪಯಾದಿ ಸಂಖ್ಯೆಯಲ್ಲಿ ಧಕಾರವು 9, ರಕಾರವು 2. ತಿರುಗಿಸಿ ಓದಿದರೆ 29. ಹಳೆಯ ಹೆಸರಿನ ಮುಂದೆ ಧೀರ ಎಂಬುದನ್ನು ಸೇರಿಸಿದುದು ಇಷ್ಟಕ್ಕಾಗಿಯೇ. ಕಲ್ಯಾಣಿಯ ಮುಂದೆ ಮೇಚ ಎಂಬುದು ಬಂದುದೂ ಹಾಗೆಯೇ. ಮಕಾರವು 5, ಚಕಾರವು 6, ಮೇಳವು 65ನೆಯದು.